ಮುಂದಿನ ಸಾಲು

"ಹದಿನೇಳು," ಎಂದು ಐಕಾಯೆಲಿ ಬಾಯಿಬಿಟ್ಟು ಹೇಳಿದಳು. ಹೇಳಿದ ಮೇಲೆ ತನಗೇ ನಂಬಿಕೆ ಸಾಲದೆ ವಾಪಸು ಬಂದು, ನೀರಿನ ತೊಟ್ಟಿಯ ಗೋಡೆಗೆ ಬೆನ್ನು ಆನಿಸಿ ನಿಂತು, ಮೊದಲಿನಿಂದ ಹೆಜ್ಜೆ ಎಣಿಸುತ್ತ ನಡೆದಳು. ಮಂಜು ಬೆಟ್ಟದಿಂದ ಇಳಿದು ಬಾಳೆಯ ತೋಪಿನಲ್ಲಿ ಕೂತುಬಿಟ್ಟಿತ್ತು. ಹದಿನೇಳನೆಯ ಹೆಜ್ಜೆಗೆ ಇಸಾಲೆ ಗಿಡಗಳು ಎದುರಾದವು. ಸೊಂಟದೆತ್ತರ, ಒಂದರ ಪಕ್ಕ ಒಂದು, ನೂಲು ಹಿಡಿದು ನೆಟ್ಟ ಹಾಗೆ. ಎರಡು ವಾರದ ಹಿಂದೆ ಇಪ್ಪತ್ತನಾಲ್ಕು ಹೆಜ್ಜೆಯಿತ್ತು. ಏಪ್ರಿಲ್‌ನಲ್ಲಿ ಕೆಲಸ ಶುರುವಾದ ದಿನ ಮೂವತ್ತು.

"ಏನಕ್ಕ, ಸ್ಕೂಲ್ ಮಕ್ಕಳು ಸಾಲದೂಂತ ಗಿಡಗಳ ಹಾಜರಿ ತಗೋತಿದೀಯಾ?" ಎಂದಳು ಶಿಲಿಯಾ. ಅವಳು ಗೋಣಿಚೀಲಗಳಿಗೆ ಗೊಬ್ಬರದ ಮಣ್ಣು ತುಂಬಿ, ಸುತ್ತ ತೂತು ಮಾಡಿ, ತೂತಿಗೊಂದು ಸೊಪ್ಪಿನ ಸಸಿ ಸಿಕ್ಕಿಸುತ್ತಿದ್ದಳು. ಏಳು ತಿಂಗಳ ಹೊಟ್ಟೆ ಅಡ್ಡ ಬರುತ್ತಿದ್ದುದರಿಂದ ಚೀಲದ ಪಕ್ಕಕ್ಕೆ ಓರೆಯಾಗಿ ಕೂತಿದ್ದಳು.

"ಸಾಲು ಮತ್ತೆ ಮುಂದೆ ಬಂದಿದೆ."

"ನಿನ್ನ ಕಾಲು ಉದ್ದ ಆಗಿರಬೇಕು."

"ಹಿಂದೆ ಹೋಗಿ ನೋಡು ಬೇಕಾದ್ರೆ. ಹಳೇ ಸಾಲೂ ಇದೆ, ಅದರ ಮುಂದೆ ಇನ್ನೊಂದು, ಅದರ ಮುಂದೆ ಇದು. ಮೂರು."

ಶಿಲಿಯಾ ನೋಡಲು ಹೋಗಲಿಲ್ಲ. ಸಸಿಯ ಬುಡ ಒತ್ತುತ್ತ, "ಹಾಗೆಲ್ಲ ಗಟ್ಟಿಯಾಗಿ ಹೇಳ್ಬೇಡ," ಎಂದಳು.

ಇಸಾಲೆಯೆಂದರೆ ಜೋಳದ ಗರಿಯಂಥ ಎಲೆಯ, ಎಲೆಯ ನಡುವೆ ಹಳದಿ ಗೀರಿರುವ ಗಿಡ. ಕಡ್ಡಿ ಕಡಿದು ನೆಲಕ್ಕೆ ಚುಚ್ಚಿದರೆ ಸಾಕು, ಬೇರು ಬಿಡುತ್ತದೆ. ಕಾಂಡದಿಂದ ಹುಟ್ಟುವ ಸಸ್ಯಗಳ ಪಾಠಕ್ಕೆ ಐಕಾಯೆಲಿ ಪ್ರತಿ ವರ್ಷ ತರಗತಿಯಲ್ಲಿ ಇದನ್ನೇ ತೋರಿಸುತ್ತಿದ್ದಳು. ಅವಳು ಹೇಳದೆ ಬಿಟ್ಟದ್ದನ್ನು ಮಕ್ಕಳು ಮನೆಯಲ್ಲೇ ಕಲಿತು ಬಂದಿರುತ್ತಿದ್ದರು. ಇಸಾಲೆ ನಿಂತದ್ದೇ ಎಲ್ಲೆ. ಸತ್ತವರನ್ನು ಹೂತಲ್ಲಿ ತಲೆಯ ಕಡೆಗೆ ನೆಡುವುದೂ ಅದನ್ನೇ. ನೆಟ್ಟ ಇಸಾಲೆಯನ್ನು ಕಿತ್ತ ಕೈ ಮುಂದೆ ಮಗುವನ್ನು ಎತ್ತಿಕೊಳ್ಳುವುದಿಲ್ಲ.

ಆ ಜಾಗಕ್ಕೆ ಊರವರು ಹೆಂಗಸರ ತೋಟ ಅನ್ನುತ್ತಿದ್ದರು. ಐಕಾಯೆಲಿಯ ತಾಯಿ ಮತ್ತು ಆಕೆಯ ಓರಗೆಯ ಹೆಂಗಸರು ಹೊಳೆಯಿಂದ ಕಲ್ಲು ಹೊತ್ತು ತಂದು ತೊಟ್ಟಿ ಕಟ್ಟಿಸಿದ್ದರು. ಬೆಟ್ಟದ ಕಾಲುವೆಯಿಂದ ಒಂದು ಕವಲು ಎಳೆದು ಅದಕ್ಕೆ ನೀರು ಬಿಟ್ಟಿದ್ದರು. ಹೊಗೆಯಿಲ್ಲದ ಒಲೆ, ಗೋಬರ್ ಗ್ಯಾಸಿನ ಗುಂಡಿ, ಸಸಿಮಡಿ, ಎಲ್ಲವೂ ಅಲ್ಲಿತ್ತು. ಆ ಹೆಂಗಸರು ಒಬ್ಬೊಬ್ಬರಾಗಿ ಹೋದರು, ತೋಟ ಹನ್ನೊಂದು ವರ್ಷ ಪಾಳು ಬಿತ್ತು. ಈ ವರ್ಷ ಊರ ಸಮಿತಿಯವರು, ಜೂನ್ ಮುಗಿಯುವುದರೊಳಗೆ ತೋಟ ಮತ್ತೆ ತೋಟವಾಗಿ ಕಂಡರೆ ಹೆಂಗಸರಿಗೇ ಬರೆದುಕೊಡುತ್ತೇವೆ, ಇಲ್ಲದಿದ್ದರೆ ಹಂಚುತ್ತೇವೆ ಎಂದಿದ್ದರು. ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ಐಕಾಯೆಲಿ ಎದ್ದು ನಿಂತು ಕರೆದಳು. ಮೊದಲ ಶನಿವಾರ ಹತ್ತೊಂಬತ್ತು ಜನ ಗುದ್ದಲಿ ಹಿಡಿದು ಬಂದರು. ಬಿರುಕು ಮುಚ್ಚಿದ ತೊಟ್ಟಿಗೆ ನೀರು ಬಿದ್ದ ದಿನ ಹಾಡಿ ಕುಣಿದರು.

ಈಗ ಏಳು ಜನ. ಎರಡನೆಯ ಸಾಲನ್ನು ಮೊದಲು ಕಂಡವನು ಮೇಲ್ಮನೆಯ ಹುಡುಗ. "ಇದು ಇಲ್ಲಿರಲಿಲ್ಲ," ಎಂದು ಎಲ್ಲರೆದುರಿಗೆ ಹೇಳಿದ. ಆ ವಾರವೇ ಬೆಣ್ಣೆಹಣ್ಣಿನ ಮರದಿಂದ ಬಿದ್ದು ಕಾಲು ಮುರಿದುಕೊಂಡ. ಕೊಂಬೆ ಒಳಗೆ ಟೊಳ್ಳಾಗಿದ್ದುದನ್ನು ಐಕಾಯೆಲಿ ಸ್ವತಃ ಹೋಗಿ ನೋಡಿ ಬಂದಿದ್ದಳು. ಅದನ್ನು ಎಲ್ಲರಿಗೂ ಹೇಳಿದ್ದಳು. ಎಲ್ಲರೂ ಹೂಂ ಅಂದಿದ್ದರು. ಮುಂದಿನ ಶನಿವಾರ ಅವರಲ್ಲಿ ಎಂಟು ಜನ ಬರಲಿಲ್ಲ.

ಗೊಬ್ಬರದ ಮೂಟೆಗಳನ್ನು ಬೈಕಿನ ಹಿಂದೆ ಕಟ್ಟಿಕೊಂಡು ಗಾಡ್‌ಲಿಸನ್ ಬಂದ. ಬಾಡಿಗೆ ಬೈಕು ಓಡಿಸುವವನು. ಶನಿವಾರದ ಸಂಪಾದನೆ ಬಿಟ್ಟು ಇಲ್ಲಿಗೆ ಬರುತ್ತಿದ್ದ. ಐಕಾಯೆಲಿ ಅವನನ್ನು ಸಾಲಿನ ಹತ್ತಿರ ಕರೆದುಕೊಂಡು ಹೋದಳು.

"ಕಿತ್ತುಬಿಡೋಣ. ಬೇರು ಇನ್ನೂ ಇಳಿದಿಲ್ಲ," ಎಂದಳು.

ಗಾಡ್‌ಲಿಸನ್ ಎರಡು ಕೈಯನ್ನೂ ಜಾಕೆಟಿನ ಜೇಬಿಗೆ ಇಳಿಸಿದ. "ಟೀಚರಮ್ಮ, ಬೈಕು ಕೇಳಿ, ಕೊಡ್ತೀನಿ. ಬೈಕಿನ ಜೊತೆ ಹೆಂಡ್ತೀನೂ ಕೇಳಿ, ಯೋಚ್ನೆ ಮಾಡ್ತೀನಿ. ಇದೊಂದು ಬೇಡ."

"ಹಾಗಾದ್ರೆ ನಾನೇ ಕೀಳ್ತೀನಿ."

ಅವಳು ಬಗ್ಗಿ ಒಂದು ಕಡ್ಡಿಯನ್ನು ಹಿಡಿದಳು. ಮಂಜಿನಲ್ಲಿ ನೆನೆದು ತಣ್ಣಗಿತ್ತು. ಹಿಡಿದದ್ದಷ್ಟೆ. ಎಳೆಯಬೇಕಾದ ತೋಳು ತನ್ನದಲ್ಲವೇನೋ ಎಂಬಂತೆ ಸುಮ್ಮನಿತ್ತು. ಗಾಡ್‌ಲಿಸನ್ ಬೇರೆ ಕಡೆ ನೋಡುತ್ತಿದ್ದ. ಅವಳು ಕೈಬಿಟ್ಟು, ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡಳು.

ಮರುದಿನ ಸಂಜೆ ಕಿಲೆಯೋ ಅಜ್ಜನ ಮನೆಗೆ ಹೋದಳು. ತೋಟದ ಮೇಲುಗಡೆಯ ಜಮೀನೆಲ್ಲ ಅವನದು. ಚರ್ಚಿನಲ್ಲಿ ಮೊದಲ ಬೆಂಚು ಅವನದು. ಅಂಗಳದಲ್ಲಿ ಕುರ್ಚಿ ಹಾಕಿಕೊಂಡು, ಸೋರೆ ಬುರುಡೆಯಲ್ಲಿ ಬಾಳೆಹಣ್ಣಿನ ಹೆಂಡ ಇಟ್ಟುಕೊಂಡು ಕೂತಿದ್ದ. ಅವಳನ್ನು ಕಂಡು ನಿಜವಾಗಿಯೇ ಸಂತೋಷಪಟ್ಟ.

"ಬಾ ಮಗಳೇ, ಬಾ. ನಿಮ್ಮಮ್ಮನ ನಡಿಗೇನೇ ನಿಂದು. ದೂರದಿಂದಲೇ ಗೊತ್ತಾಯ್ತು."

ಅವಳು ಸಾಲಿನ ವಿಷಯ ಎತ್ತಿದಳು. ಎತ್ತುವ ಮಾತುಗಳನ್ನು ದಾರಿಯುದ್ದಕ್ಕೂ ತೂಗಿ ತೂಗಿ ಇಟ್ಟುಕೊಂಡಿದ್ದಳು. ಅಜ್ಜ ಕಿವಿಗೊಟ್ಟು ಕೇಳಿದ.

"ಗಿಡ ನಡೀತಾವಾ ಮಗಳೇ? ನೀನು ಓದಿದೋಳು, ನೀನೇ ಹೇಳು."

"ಗಿಡ ನಡಿಯಲ್ಲ ಅಜ್ಜ. ನೆಡೋರು ನಡೀತಾರೆ."

ಅಜ್ಜ ನಕ್ಕ. ಹಲ್ಲಿಲ್ಲದ, ಮಗುವಿನಂಥ ನಗು. "ಚೆನ್ನಾಗಿ ಹೇಳ್ದೆ. ಈಗ ಎಷ್ಟು ಜನ ಬರ್ತಾರೆ ತೋಟಕ್ಕೆ?"

"ಏಳು."

"ಪಾಪ. ಆ ಹುಡುಗನ ಕಾಲು ಕೂಡಿತಾ? ಇನ್ನೂ ಕುಂಟ್ತಾನೆ ಅಂದ್ರು." ಬುರುಡೆಯನ್ನು ಅವಳ ಕಡೆ ಚಾಚಿದ. ಅವಳು ಬೇಡವೆನ್ನಲಾಗದೆ ಒಂದು ಗುಟುಕು ಕುಡಿದಳು. "ಶಿಲಿಯಾಗೆ ಏಳು ತುಂಬಿತಲ್ವಾ? ಹೋದ ಎರಡು ಸಲವೂ ಕೈಗೆ ಬರಲಿಲ್ಲ, ಪಾಪ. ನಾನು ದಿನಾ ಅವಳ ಹೆಸರು ಹೇಳಿ ಪ್ರಾರ್ಥನೆ ಮಾಡ್ತೀನಿ. ಬಗ್ಗಿ ಕೆಲಸ ಮಾಡಬೇಡ ಅಂತ ಹೇಳು. ಆ ಜಾಗ ಅಷ್ಟು ಒಳ್ಳೇದಲ್ಲ."

"ಯಾಕೆ ಒಳ್ಳೇದಲ್ಲ?"

"ನಿಮ್ಮಮ್ಮ ಹೇಳಿರಲಿಲ್ವಾ?" ಎಂದು ಅಜ್ಜ ಕೇಳಿದ, ಉತ್ತರಕ್ಕೆ ಕಾಯದೆ ಒಳಗಿನವರನ್ನು ಕೂಗಿ, ಟೀಚರಿಗೆ ಒಂದು ಗೊನೆ ಬಾಳೆಕಾಯಿ ಕಟ್ಟಿಕೊಡಿ ಎಂದ.

ಅಮ್ಮ ಏನೂ ಹೇಳಿರಲಿಲ್ಲ. ಹೇಳುವಂಥದ್ದು ಏನೂ ಇರಲಿಲ್ಲ. ಗೊನೆಯನ್ನು ತಲೆಯ ಮೇಲೆ ಹೊತ್ತು ಇಳಿಜಾರಿನಲ್ಲಿ ಬರುವಾಗ ಐಕಾಯೆಲಿ ಇದನ್ನೇ ತನಗೆ ತಾನು ನಾಲ್ಕಾರು ಸಲ ಹೇಳಿಕೊಂಡಳು. ಜಾಗ ಒಳ್ಳೇದಲ್ಲ ಎಂದು ಅಜ್ಜ ಅಂದದ್ದನ್ನು ಶಿಲಿಯಾಗೆ ಹೇಳಲಿಲ್ಲ. ಆದರೆ ಬುಧವಾರ ಸಂತೆಯಲ್ಲಿ ಶಿಲಿಯಾಳೇ ಹತ್ತಿರ ಬಂದು, "ಆ ಜಾಗದಲ್ಲಿ ಏನೋ ಇದೆಯಂತಲ್ಲಕ್ಕ?" ಎಂದು ಕೇಳಿದಳು.

"ಯಾರಂದ್ರು?"

"ಎಲ್ರೂ ಅಂತಾರೆ."

ಜಮೀನು ಅಳೆಯುವ ಅಧಿಕಾರಿ ಜೂನ್ ಕೊನೆಯ ಶನಿವಾರ ಬರುವುದೆಂದಾಯಿತು. ಐಕಾಯೆಲಿ ಸಮಿತಿಯ ಮನೆಗೆ ಹೋಗಿ ಹಳೆಯ ಕಾಗದ ತೆಗೆಸಿ ಓದಿದ್ದಳು. ತೋಟದ ಮೇಲುಗಡೆಯ ಗಡಿಗೆ ಬರೆದಿದ್ದದ್ದು ಒಂದೇ ಮಾತು: ಕಿಲೆಯೋ ಮನೆತನದ ಇಸಾಲೆ ಸಾಲು. ಯಾವ ಸಾಲು ಎಂದು ಬರೆದಿರಲಿಲ್ಲ. ಆದರೂ ಇನ್ನೊಮ್ಮೆ ಓದಿದ ಮೇಲೆ ಅವಳಿಗೆ ಸಮಾಧಾನವಾಯಿತು. ಅಜ್ಜ ಮುಂದೆ ಮುಂದೆ ನೆಟ್ಟಿರಬಹುದು, ಹಿಂದಿನದನ್ನು ಕೀಳಲು ಅವನ ಕೈಯೂ ಬಂದಿಲ್ಲ. ಹಳೆಯ ಸಾಲು ತೋಳಿನಷ್ಟು ದಪ್ಪ, ಬುಡದಲ್ಲಿ ಪಾಚಿ. ಹೊಸದರಲ್ಲಿ ಕತ್ತಿಯ ಗಾಯ ಇನ್ನೂ ಹಸಿ. ಕಣ್ಣಿದ್ದವರಿಗೆ ಸಾಕ್ಷಿ ಅಲ್ಲೇ ನಿಂತಿದೆ. ಅಧಿಕಾರಿಯನ್ನು ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿದರಾಯಿತು.

ಆ ಶನಿವಾರ ಅವಳು ತೋಟಕ್ಕೆ ಬಂದಾಗ ಸಾಲು ನಾಲ್ಕಾಗಿತ್ತು. ನಾಲ್ಕನೆಯದು ತೊಟ್ಟಿಯನ್ನು ದಾಟಿ, ತೊಟ್ಟಿಗೂ ಸಸಿಮಡಿಗೂ ನಡುವೆ ಬಂದು ನಿಂತಿತ್ತು. ತೊಟ್ಟಿ ಆಚೆ ಉಳಿದಿತ್ತು, ಕಾಲುವೆಯ ಬಾಯಿ ಆಚೆ ಉಳಿದಿತ್ತು. ಈಚೆಗೆ ನಾಲ್ಕು ನೂರು ಸಸಿ, ಎಪ್ಪತ್ತು ಚೀಲ ಸೊಪ್ಪು, ಮುಂದೆ, ಜೂನ್ ಕಳೆದರೆ ಮಳೆ ನಿಲ್ಲುವ ಆ ಬೆಟ್ಟದಲ್ಲಿ, ನೀರಿಲ್ಲದ ಮೂರು ತಿಂಗಳು. ಏಳು ಜನವೂ ಬಂದಿದ್ದರು. ಮೂರು ತಿಂಗಳಿಂದ ಇತ್ತ ತಲೆ ಹಾಕದಿದ್ದವರೂ ಬಂದು ಬೇಲಿಯುದ್ದಕ್ಕೂ ನಿಂತಿದ್ದರು. ಯಾರೂ ತೊಟ್ಟಿಯಿಂದ ನೀರು ಎತ್ತಿರಲಿಲ್ಲ. ಕೊಡಗಳು ಖಾಲಿಯಿದ್ದವು.

ಅಧಿಕಾರಿ ಪಕ್ಕದ ಊರಿನವನೇ. ಕಾಗದ ತೆಗೆದು ಓದಿದ. ಸಾಲುಗಳನ್ನು ನೋಡಿದ. ಮತ್ತೆ ಕಾಗದ ನೋಡಿದ.

"ಇದರಲ್ಲಿ ಯಾವುದು?"

"ನಾನು ತೋರಿಸ್ತೀನಿ ಬನ್ನಿ," ಎಂದಳು ಐಕಾಯೆಲಿ. "ಕಾಂಡ ನೋಡಿದ್ರೆ ನಿಮಗೇ ಗೊತ್ತಾಗುತ್ತೆ. ಈ ಮುಂದಿಂದು ಈ ವಾರ ನೆಟ್ಟಿದ್ದು..."

ಮಾತು ಅಲ್ಲಿಗೇ ನಿಂತಿತು. ಕಿಲೆಯೋ ಅಜ್ಜ ಜನರ ನಡುವಿನಿಂದ ಬಂದಿದ್ದ. ಹ್ಯಾಟು ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದ. ಮುಂದಿನ ಸಾಲಿನಿಂದ ಒಂದು ಎಲೆ ಮುರಿದು, ನಿಧಾನವಾಗಿ ಮಡಿಸಿ, ಗಂಟು ಹಾಕಿದ. ಅದನ್ನು ಎರಡೂ ಅಂಗೈ ಮೇಲಿಟ್ಟುಕೊಂಡು ಐಕಾಯೆಲಿಯ ಎದುರು ತಲೆ ಬಗ್ಗಿಸಿದ.

"ತಪ್ಪಾಗಿದೆ ಮಗಳೇ. ಕ್ಷಮಿಸಿಬಿಡು."

ಬೇಲಿಯ ಹತ್ತಿರ ಒಂದು ದೊಡ್ಡ ನಿಟ್ಟುಸಿರು ಎದ್ದಿತು. ಅಧಿಕಾರಿಯೂ ಟೋಪಿ ತೆಗೆದ.

ಗಂಟು ಹಾಕಿದ ಇಸಾಲೆ ಎಲೆಯನ್ನು ಚಾಚಿದರೆ ತೆಗೆದುಕೊಳ್ಳದೆ ಇರುವಂತಿಲ್ಲ. ತೆಗೆದುಕೊಂಡ ಮೇಲೆ ಆ ವಿಷಯವನ್ನು ಮತ್ತೆ ಬಾಯಿಗೆ ತರುವಂತಿಲ್ಲ. ಐಕಾಯೆಲಿಯ ತಂದೆ ಲಾರಿಗೆ ಸಿಕ್ಕಿ ಸತ್ತಾಗ ಡ್ರೈವರನ ಮನೆಯವರು ಎಲೆ ತಂದಿದ್ದರು. ಅಮ್ಮ ಎರಡು ಕೈಯಲ್ಲಿ ತೆಗೆದುಕೊಂಡಿದ್ದಳು. ಸಾಯುವವರೆಗೂ ಆ ಲಾರಿಯ ಮಾತು ಆಕೆಯ ಬಾಯಿಂದ ಬರಲಿಲ್ಲ. ಎಲೆಯನ್ನು ನಿರಾಕರಿಸಿದವರ ಮನೆಗೆ ಯಾರೂ ಬೆಂಕಿ ಕೇಳಲು ಹೋಗುವುದಿಲ್ಲ, ಹೆಣ ಎತ್ತಲೂ ಹೋಗುವುದಿಲ್ಲ.

ಅವಳಿಗೆ ಮೊದಲು ಅನ್ನಿಸಿದ್ದು, ಒಪ್ಪಿಕೊಂಡನಲ್ಲ ಎಂದು. ಅಧಿಕಾರಿಯ ಎದುರಿಗೇ ತಪ್ಪು ಒಪ್ಪಿಕೊಂಡ. ಕೈ ಮುಂದೆ ಹೋಗುತ್ತಿತ್ತು ಕೂಡ. ಅರ್ಧಕ್ಕೆ ಹೋದದ್ದು ನಿಂತಿತು. ಅವಳು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಏನು ತಪ್ಪು ಅಂತ ಮೊದಲು ಹೇಳಿ ಅಜ್ಜ."

"ಎಲೆ ಹಿಡಿದವನ ಹತ್ರ ಹಾಗೆಲ್ಲ ಕೇಳ್ತಾರಾ ಮಗಳೇ?"

"ಹೇಳಿ. ಆಮೇಲೆ ತಗೋತೀನಿ."

ಯಾರೋ ಶಿಲುಬೆಯ ಗುರುತು ಹಾಕಿಕೊಂಡರು. ಗಾಡ್‌ಲಿಸನ್ ಹತ್ತಿರ ಬಂದು, ತುಟಿ ಅಲ್ಲಾಡಿಸದೆ, "ಟೀಚರಮ್ಮ, ತಗೊಂಡುಬಿಡಿ. ನೀರು ಬೇಕಾದ್ರೆ ನಾನು ಹೊಳೆಯಿಂದ ಬೈಕಲ್ಲಿ ಹೊರ್ತೀನಿ. ತಗೊಳ್ಳಿ," ಎಂದ. ಅವಳು ಅಲುಗಲಿಲ್ಲ. ಅಜ್ಜನಿಗೆ ಅವಸರವಿರಲಿಲ್ಲ. ಎಷ್ಟು ಹೊತ್ತಾದರೂ ಹಾಗೇ ನಿಂತಿರಬಲ್ಲವನ ಹಾಗೆ ನಿಂತಿದ್ದ. ಆಗ ಐಕಾಯೆಲಿ ಗಮನಿಸಿದಳು, ಅವನು ನೋಡುತ್ತಿದ್ದುದು ತನ್ನನ್ನಲ್ಲ. ಅವನ ದೃಷ್ಟಿ ಅವಳ ಭುಜದ ಮೇಲಿಂದ ಹಾದು, ಹಿಂದೆ ನಿಂತಿದ್ದ ಶಿಲಿಯಾಳ ಹೊಟ್ಟೆಯ ಮೇಲೆ ನೆಟ್ಟಿತ್ತು. ಆ ಕಣ್ಣಲ್ಲಿ ಇದ್ದದ್ದು ಮರುಕವೇ.

ಶಿಲಿಯಾ ಅದನ್ನು ಕಂಡಿದ್ದಳು.

"ಬೇಡ ಕಣೇ," ಎಂದಳು ಐಕಾಯೆಲಿ, ತಿರುಗದೆ.

"ಎಲೆ ಹಾಗೆ ಗಾಳೀಲಿ ಇರಬಾರದು ಅಕ್ಕ."

"ಶಿಲಿಯಾ, ಒಂದೇ ಒಂದು ನಿಮಿಷ. ಅವರು ಹೇಳಲಿ."

"ನಿನಗೇನು, ನೀನು ಒಬ್ಬಳೇ," ಎಂದಳು ಶಿಲಿಯಾ. ಅದರಲ್ಲಿ ಸಿಟ್ಟಿರಲಿಲ್ಲ. ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡು ಮುಂದೆ ಬಂದಳು. ಅಜ್ಜನ ಎದುರು ನಿಂತು, ಮಣ್ಣಾಗಿದ್ದ ಕೈಗಳನ್ನು ಸೆರಗಿನಂತೆ ಹೊದ್ದ ಬಟ್ಟೆಗೆ ಒರೆಸಿಕೊಂಡು, ಎರಡನ್ನೂ ಜೋಡಿಸಿ ಚಾಚಿದಳು. "ತೋಟದೋರ ಪರವಾಗಿ ನಾನು ತಗೋತೀನಿ."

ಅಜ್ಜ ಎಲೆಯನ್ನು ಅವಳ ಕೈಗೆ ಇಳಿಸಿದ. ಜನ ಒಟ್ಟಿಗೇ ಮಾತಾಡಲು ಶುರುಮಾಡಿದರು. ಯಾರೋ ನಕ್ಕರು. ಅಧಿಕಾರಿ ಟೋಪಿ ಹಾಕಿಕೊಂಡು, "ಹಾಗಾದ್ರೆ ಜಗಳ ಇಲ್ಲ," ಎಂದು ಐಕಾಯೆಲಿಯ ಮುಖ ನೋಡಿದ. ಅವಳು ಬಾಯಿ ತೆರೆದಳು. ಶಿಲಿಯಾ ಎಲೆಯನ್ನು ಹೊಟ್ಟೆಗೆ ಒತ್ತಿ ಹಿಡಿದು ಅವಳನ್ನೇ ನೋಡುತ್ತಿದ್ದಳು. ಐಕಾಯೆಲಿ ಬಾಯಿ ಮುಚ್ಚಿದಳು.

ಅಧಿಕಾರಿ ಮುಂದಿನ ಸಾಲಿನ ಬದಿ ಹಿಡಿದು, ಈ ತುದಿಯಿಂದ ಆ ತುದಿಯವರೆಗೆ ಟೇಪು ಎಳೆದ. ಗಾಡ್‌ಲಿಸನ್ ಟೇಪಿನ ಕೊನೆ ಹಿಡಿದುಕೊಂಡ, ಹಿಡಿ ಎಂದಿದ್ದರು. ಸಂಖ್ಯೆಗಳನ್ನು ಗಟ್ಟಿಯಾಗಿ ಓದಿ ಬರೆದುಕೊಂಡರು.

ಬಹಳ ಹೊತ್ತು ನಿಂತದ್ದಕ್ಕೆ ಶಿಲಿಯಾಳ ಕಾಲು ಸೋತಿತ್ತು. ಅಲ್ಲಿ ಕೂರಲು ಇದ್ದದ್ದು ತೊಟ್ಟಿಯ ಕಟ್ಟೆಯೊಂದೇ. ಎರಡು ಗಿಡಗಳ ನಡುವೆ ಓರೆಯಾಗಿ ನುಸುಳಿ ಆಚೆ ಹೋದಳು. ಕಟ್ಟೆಗೆ ಕೈಯೂರಿ ಇನ್ನೇನು ಕೂರಬೇಕು, ಅಷ್ಟರಲ್ಲಿ ತಡೆದು, ನೆಟ್ಟಗೆ ನಿಂತು, ಕಿಲೆಯೋ ಅಜ್ಜನ ಕಡೆ ತಿರುಗಿದಳು.

"ಕೂತ್ಕೊ ಮಗಳೇ," ಎಂದ ಅಜ್ಜ. "ಕೂತ್ಕೊ."

ಅವಳು ಕೂತಳು.