ಐದು ಹಿಡಿ ಅಕ್ಕಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ತಿಮ್ಮವ್ವನ ಮೇಲೂ ಎಷ್ಟೋ ಸಲ ಸಿಟ್ಟು ಮಾಡಿದ್ದೇನೆ. ಅದರಲ್ಲೊಂದು ಕಾರಣ ಬಹಳ ಸಣ್ಣದು. ನಮ್ಮ ಮನೆಯಿಂದ ಹೊರಡುವಾಗಲೆಲ್ಲ ಅವಳು ಹೊಸ್ತಿಲ ಹತ್ತಿರ ಸುಮ್ಮನೆ ನಿಂತುಬಿಡುತ್ತಿದ್ದಳು. ಸೆರಗಿನ ತುದಿ ಕೈಯಲ್ಲಿ ಹಿಡಿದುಕೊಂಡು, ಏನೋ ಮರೆತವಳ ಹಾಗೆ. "ನಡಿ ತಿಮ್ಮವ್ವ, ಸುರಪುರದ ಬಸ್ ತಪ್ಪತದ," ಎಂದು ಗದರಿದ ಮೇಲೆಯೇ ಕಾಲು ಕೀಳುತ್ತಿದ್ದಳು. ಎರಡು ವರ್ಷದಲ್ಲಿ ಹದಿನೈದಿಪ್ಪತ್ತು ಸಲವಾದರೂ ಹೀಗೆ ಗದರಿದ್ದೇನೆ.

ನನ್ನ ಹೆಸರು ಪಂಚಶೀಲಾ. ಶಹಾಪುರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮನೆ, ಗಂಡ ಶಾಲೆಯ ಮಾಸ್ತರು. ಮಾನ ಕಳೆದುಕೊಂಡು, ಪೆಟ್ಟು ತಿಂದು ಬಂದ ಹೆಂಗಸರ ಜೊತೆ ಕೋರ್ಟಿಗೆ ಹೋಗುವುದು ನನ್ನ ಕೆಲಸ. ಮಾನ ಕಳೆದದ್ದು ಅವರದ್ದಲ್ಲ ಎಂದು ಸಾವಿರ ಸಲ ಹೇಳಿದ್ದೇನೆ, ಆದರೂ ನೋಡಿ, ಬರೆಯುವಾಗ ಅದೇ ಮಾತು ಬರುತ್ತದೆ. ನಾನು ವಕೀಲಳಲ್ಲ. ಅರ್ಜಿ ಬರೆಯುತ್ತೇನೆ, ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುತ್ತೇನೆ, ನೀರಿನ ಬಾಟಲಿ ಹಿಡಿದು ಪಕ್ಕದಲ್ಲಿ ಕೂಡುತ್ತೇನೆ. ಅಡ್ಡ ಮಾತಾಡಿದವರಿಗೆ ಎರಡು ಮಾತು ಹೆಚ್ಚಿಗೆ ಆಡುತ್ತೇನೆ.

ತಿಮ್ಮವ್ವ ಸುರಪುರದ ಹತ್ತಿರದ ಬೋನಾಳದವಳು, ಕೂಲಿ ಮಾಡುವವಳು. ಎರಡು ವರ್ಷದ ಹಿಂದೆ ಒಂದು ಕಳವಿನ ಸಲುವಾಗಿ ಪೊಲೀಸರು ಅವಳ ಗಂಡ ಸಾಬಣ್ಣನನ್ನು ಹುಡುಕಿಕೊಂಡು ಬಂದರು. ಅವನು ಹೈದರಾಬಾದಿನಲ್ಲಿ ಗೋಡೆ ಕಟ್ಟುವ ಗೌಂಡಿ ಕೆಲಸದಲ್ಲಿದ್ದ. ಗಂಡ ಸಿಗದಿದ್ದರೆ ಹೆಂಡತಿ ಎಂದು ಇವಳನ್ನು ಜೀಪಿನಲ್ಲಿ ಹಾಕಿಕೊಂಡು ಹೋದರು. ಯಾವ ಠಾಣೆ ಎಂದು ಇಲ್ಲಿ ಬರೆಯುವುದಿಲ್ಲ. ಮೂರು ದಿನ ಇಟ್ಟುಕೊಂಡರು. ಅಂಗಾಲಿಗೆ ಹೊಡೆದರು. ಎರಡನೆಯ ದಿನ ಅಲ್ಲಿಯ ಸಾಹೇಬ ಅವಳನ್ನು ಒಳಗಿನ ಕೋಣೆಗೆ ಎಳೆದುಕೊಂಡು ಹೋಗಿ ಕೆಡಿಸಿದ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ. ನಾಲ್ಕನೆಯ ದಿನ ಬೆಳಿಗ್ಗೆ ಬಸ್ ಹತ್ತಿಸಿ ಕಳಿಸಿದರು. ಕಳವು ಮಾಡಿದವನು ಮುಂದೆ ಬೇರೆಲ್ಲೋ ಸಿಕ್ಕ.

ಕೇಸು ಹಾಕಿದಾಗ ನೋಡಿದರೆ ಠಾಣೆಯ ಪುಸ್ತಕದಲ್ಲಿ ಅವಳ ಹೆಸರೇ ಇರಲಿಲ್ಲ. ಅಂಗಾಲಿನ ಬಾವು ಬಿದ್ದು ಆದದ್ದು ಎಂದು ಡಾಕ್ಟರು ಬರೆದರು. ಮೊದಲು ಕಂಡದ್ದನ್ನು ಹೇಳಿದ್ದ ಹೆಣ್ಣು ಪೇದೆ ಕಟಕಟೆಯಲ್ಲಿ ನಿಂತು ತನಗೇನೂ ಗೊತ್ತಿಲ್ಲ ಎಂದಳು. ಹೀಗೆ ಒಂದೊಂದೇ ಕಂಬ ಬಿದ್ದು, ಇಡೀ ಕೇಸಿಗೆ ಉಳಿದದ್ದು ತಿಮ್ಮವ್ವನ ಮಾತೊಂದೇ. ಅವಳ ಮಾತು ನಿಂತರೆ ಆ ಸಾಹೇಬನಿಗೆ ಶಿಕ್ಷೆ. ಬಿದ್ದರೆ ಅವನು ಮತ್ತೆ ಟೋಪಿ ಹಾಕಿಕೊಂಡು ಅದೇ ಕುರ್ಚಿಯಲ್ಲಿ ಕೂಡುತ್ತಾನೆ.

ಅದಕ್ಕೇ ಅವಳಿಗೆ ನಾಲ್ಕು ಮಾತು ಬಾಯಿಪಾಠ ಮಾಡಿಸಿದ್ದೆ. ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬಾರದು. ಯಾರು ಕೊಟ್ಟರೂ ರೊಕ್ಕ ಮುಟ್ಟಬಾರದು. ಆ ಮನುಷ್ಯ ಎದುರು ಬಂದರೆ ಮಾತಾಡಬಾರದು. ಕೋರ್ಟಿನಲ್ಲಿ ಸುಳ್ಳು ಹೇಳಬಾರದು. ಪ್ರತಿ ಸಲ ಬಂದಾಗ ಒಂದೊಂದೇ ಬೆರಳು ಮಡಿಸಿ ಒಪ್ಪಿಸುತ್ತಿದ್ದಳು. ಶಾಲೆಯ ಮುಖ ನೋಡದ ಹೆಂಗಸು, ಒಂದು ಸಲವೂ ತಪ್ಪಲಿಲ್ಲ.

ಅವಳು ಸಾಕ್ಷಿ ಹೇಳಬೇಕಾದ ದಿನ ಬೆಳಿಗ್ಗೆ ಇಬ್ಬರೂ ಯಾದಗಿರಿಯ ಕೋರ್ಟಿಗೆ ಹೋದೆವು. ಭೀಮಾ ನದಿಯ ಸೇತುವೆ ದಾಟುವಾಗ ಅವಳು ಕಣ್ಣು ಮುಚ್ಚಿ ಕೈ ಮುಗಿದಳು. ನಾನು ಮುಗಿಯುವುದಿಲ್ಲ, ಆದರೆ ಆ ಹೊತ್ತು ಅವಳಿಗೆ ಏನೂ ಅನ್ನಲಿಲ್ಲ. ಕೋರ್ಟಿನ ಗೇಟಿನಲ್ಲಿ ಅಯಾಜ್ ವಕೀಲರು ಕಾಯುತ್ತಿದ್ದರು. ಸರಕಾರಿ ವಕೀಲರಿಗೆ ನಮ್ಮ ಕಡೆಯಿಂದ ನೆರವಾಗುತ್ತಿದ್ದವರು ಅವರು, ಒಂದು ಪೈಸೆ ಕೇಳಿದವರಲ್ಲ.

ಬಾಗಿಲು ಮುಚ್ಚಿ ವಿಚಾರಣೆ. ಅರ್ಜಿ ಕೊಟ್ಟು ನಾನೂ ಒಳಗೆ ಕೂಡಲು ಅನುಮತಿ ಪಡೆದಿದ್ದೆ. ಆ ಸಾಹೇಬನನ್ನು ಪರದೆಯ ಹಿಂದೆ ಕೂಡಿಸಿದ್ದರು. ಕೆಳಗೆ ಪಾಲಿಶ್ ಮಾಡಿದ ಬೂಟುಗಳಷ್ಟೇ ಕಾಣುತ್ತಿದ್ದವು. ಮೊದಲು ಸರಕಾರಿ ವಕೀಲರು ಕೇಳಿದರು. ತಿಮ್ಮವ್ವ ಎಲ್ಲ ಹೇಳಿದಳು. ಎರಡನೆಯ ದಿನದ್ದನ್ನೂ ಹೇಳಿದಳು, ಅಳದೆ, ತಡೆಯದೆ, ಹೊಲದಲ್ಲಿ ಇವತ್ತು ಏನೇನು ಕೆಲಸ ಆಯಿತೆಂದು ಹೇಳುವವರ ಹಾಗೆ. ನನಗೆ ಹೆಮ್ಮೆಯಾಯಿತು. ಗೆದ್ದೆವು ಎಂದೇ ಅಂದುಕೊಂಡೆ, ಸುಳ್ಳೇಕೆ ಹೇಳಲಿ.

ಆಮೇಲೆ ಅವನ ಕಡೆಯ ವಕೀಲರು ಪಾಟೀಸವಾಲಿಗೆ ಎದ್ದರು. ಮೆತ್ತಗಿನ ದನಿ, ಬೆಣ್ಣೆಯಲ್ಲಿ ಕೂದಲು ತೆಗೆದಂಥ ಮಾತು.

"ಅವ್ವಾ, ಹೋದ ತಿಂಗಳ ನಿಮ್ಮ ಮನಿಗಿ ಯಾರರೆ ಬಂದಿದ್ರೇನು?"

"ಬಂದಿದ್ರು ರೀ."

"ಯಾರು?"

"ಸಾಹೇಬನ ಹೆಂಡ್ತಿ. ಗುರುದೇವಿ ಅಂತ."

ಇದನ್ನು ಅವಳು ನನಗೆ ಹೇಳಿರಲಿಲ್ಲ.

"ರೊಕ್ಕ ಕೊಟ್ರೇನು?"

"ಇಲ್ರಿ. ಕೊಟ್ರೂ ನಾ ಮುಟ್ಟತಿದ್ದಿಲ್ಲ."

"ಕಾಗದಕ್ಕ ಹೆಬ್ಬೆಟ್ಟು ಒತ್ತು ಅಂದ್ರೇನು?"

"ಇಲ್ರಿ."

"ಮತ್ತ ಬಂದು ಏನು ಮಾಡಿದ್ರವ್ವ?"

"ಉಡಿ ತುಂಬಿದ್ರು ರೀ," ಎಂದಳು ತಿಮ್ಮವ್ವ. ಮುತ್ತೈದೆಯ ಮಡಿಲಿಗೆ ಅಕ್ಕಿ ಹಾಕುವ ಮರ್ಯಾದೆ ಅದು.

ವಕೀಲರು ಮೊಬೈಲಿನಲ್ಲಿದ್ದ ಒಂದು ಫೋಟೋ ತೋರಿಸಲು ಹೋದರು. ಗುರುದೇವಿಯ ಕಾರಿನ ಡ್ರೈವರ್ ಹೊರಗಿನಿಂದ ತೆಗೆದದ್ದಂತೆ. ಸರಕಾರಿ ವಕೀಲರು ಎದ್ದು ತಕರಾರು ಮಾಡಿದರು, ನ್ಯಾಯಾಧೀಶರು ತಕರಾರನ್ನು ಒಪ್ಪಿದರು. ಅವನ ಕಡೆಯ ವಕೀಲರೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಮೊಬೈಲನ್ನು ಜೇಬಿಗೆ ಹಾಕಿಕೊಂಡರು. ಎದುರಿಗೆ ಸುಳ್ಳು ಹೇಳಲು ಬಾರದ ಹೆಂಗಸೇ ನಿಂತಿರುವಾಗ ಫೋಟೋ ಯಾಕೆ ಬೇಕು?

"ಉಡಿಯೊಳಗ ಏನೇನ್ ಇತ್ತವ್ವ?"

"ಐದು ಹಿಡಿ ಅಕ್ಕಿ ರೀ. ಕೊಬ್ಬರಿ ಬಟ್ಟಲ, ಉತ್ತತ್ತಿ, ಅರಿಷಿಣದ ಕೊಂಬು, ಎಲಿ ಅಡಿಕಿ. ಒಂದು ಕುಬಸದ ಖಣ."

"ನೀ ಸೆರಗ ಒಡ್ಡಿದಿ?"

"ಒಡ್ಡಿದ್ನಿ ರೀ."

"ಉಡಿ ತುಂಬಿದವರ ಮನಿಗಿ ಕೆಟ್ಟದು ಬಯಸಬಾರದು ಅಂತಾರಲ್ಲ, ಖರೇ ಏನು?"

"ಖರೇ ರೀ. ಬಯಸಬಾರದು."

"ಅಂದ್ರ ಆ ಮನಿಗಿ ನೀ ಕೆಟ್ಟದು ಬಯಸಂಗಿಲ್ಲ."

"ಇಲ್ರಿ," ಎಂದಳು. "ಆದ್ರ ಅಂವ ಮಾಡಿದ್ದು ಮಾಡ್ಯಾನ್ರಿ..." ಎನ್ನಲು ಹೋದಳು.

"ಕೇಳಿದ್ದಕ್ಕಷ್ಟ ಹೇಳವ್ವ," ಎಂದರು ವಕೀಲರು, ಮಗಳಿಗೆ ಹೇಳುವಷ್ಟು ಅಕ್ಕರೆಯಿಂದ. ಟೈಪ್ ಮಾಡುವವಳು 'ಇಲ್ಲ' ಎಂಬಲ್ಲಿಗೆ ನಿಲ್ಲಿಸಿದಳು. ಅವಳ ಕೊರಳಲ್ಲಿ ತಾಳಿ, ಹಣೆಯಲ್ಲಿ ಕುಂಕುಮ. ಅವಳು ಮೊದಲ ಸಲ ತಲೆ ಎತ್ತಿ ತಿಮ್ಮವ್ವನ ಮುಖ ನೋಡಿದ್ದು ಆಗಲೇ. ಆ ನೋಟದಲ್ಲಿ ಮರುಕ ಇರಲಿಲ್ಲ. ಉಳಿದ ಸವಾಲು ನಾಳೆಗೆ ಎಂದು ನ್ಯಾಯಾಧೀಶರು ಎದ್ದರು.

ಹೊರಗೆ ಬಂದಾಗ ಅಯಾಜ್ ವಕೀಲರು ಬಹಳ ಹೊತ್ತು ಕನ್ನಡಕ ಒರೆಸಿಕೊಂಡರು.

"ವಕೀಲಸಾಬ್ರ, ಉಡಿ ತುಂಬಿದ್ರ ಕೇಸ್ ರಾಜಿ ಆಗತದೇನು?" ಎಂದೆ.

"ಇಲ್ರಿ ಮೇಡಂ. ಕಾನೂನಿನ್ಯಾಗ ಅದಕ್ಕ ಎಳ್ಳಕಾಳಷ್ಟೂ ಕಿಮ್ಮತ್ತಿಲ್ಲ. ನಾಳಿ ನಮ್ಮವರು ಮತ್ತ ಕೇಳಿ ಸರಿ ಮಾಡಾಕ ನೋಡತಾರ." ಕನ್ನಡಕ ಹಾಕಿಕೊಂಡರು. "ಆದ್ರ ಒಳಗ ಕುಂತವರೆಲ್ಲ ಈ ಸೀಮಿಯವರ. ನಮ್ಮ ಅಮ್ಮಿಗೂ ಬಾಜೂ ಮನಿ ಗೌಡಶಾನಿ ಉಡಿ ತುಂಬತಿದ್ರು. ಖರೇನ ಅಷ್ಟ ಅನ್ಯಾಯ ಆಗಿದ್ರ ಹೆಣ್ಮಗಳು ಸೆರಗ ಒಡ್ಡತಿದ್ದಿಲ್ಲ ಅಂತ ಎಲ್ಲಾರ ತಲ್ಯಾಗ ಕುಂತುಬಿಡತದ. ಅದನ್ನ ತಗಿಯಾಕ ನನ್ನ ಹತ್ರ ಯಾವ ಕಲಮೂ ಇಲ್ಲ."

ಬಸ್ಸಿನಲ್ಲಿ ನಾನು ಒಳಗೊಳಗೇ ಲೆಕ್ಕ ಹಾಕಿದೆ. ಎರಡು ವರ್ಷದ ದುಡಿಮೆ, ಎಷ್ಟು ಕಚೇರಿ, ಎಷ್ಟು ಮೆಟ್ಟಿಲು, ಎಷ್ಟು ಜನರ ಬೈಗುಳ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವಳು ಕಿಟಕಿಯ ಹತ್ತಿರ ಕುಳಿತು ಚಪ್ಪಲಿ ಬಿಟ್ಟು ಅಂಗಾಲು ತಿಕ್ಕಿಕೊಳ್ಳುತ್ತಿದ್ದಳು. ಬಹಳ ಹೊತ್ತು ನಿಂತರೆ ಈಗಲೂ ಉರಿಯುತ್ತದೆ. ಅದನ್ನು ನೋಡಿಯೂ ಸಿಟ್ಟು ಇಳಿಯಲಿಲ್ಲ.

ಮನೆಗೆ ಬಂದು ರೊಟ್ಟಿ, ಪುಂಡಿಪಲ್ಯ ಹಾಕಿಕೊಟ್ಟೆ. ಅವಳು ಅರ್ಧ ರೊಟ್ಟಿ ತಿಂದಳು. ಆಮೇಲೆ ನನಗೆ ತಡೆಯಲಾಗಲಿಲ್ಲ.

"ಆಕಿ ಬಂದಿದ್ದು ನನಗ ಯಾಕ ಹೇಳಲಿಲ್ಲ?"

"ನೀವು ಸಿಟ್ಟಿಗಿ ಬರತಿದ್ರಿ ಅಕ್ಕೋರ."

"ಬರತಿದ್ನಿ, ಹೌದು. ಇಷ್ಟ ಹೇಳಿಕೊಟ್ಟೀನಿ, ಅಂಥವನ ಹೆಂಡ್ತಿ ಮುಂದ ಸೆರಗ ಯಾಕ ಒಡ್ಡಿದಿ?"

"ರೊಕ್ಕ ತಗೋಬ್ಯಾಡ ಅಂದ್ರಿ, ತಗೊಳ್ಳಿಲ್ಲ. ಹೆಬ್ಬೆಟ್ಟು ಒತ್ತಬ್ಯಾಡ ಅಂದ್ರಿ, ಒತ್ತಲಿಲ್ಲ. ಉಡಿ ಬ್ಯಾಡ ಅನ್ನು ಅಂತ ಹೇಳಿದ್ದಿಲ್ರಿ." ವಾದಕ್ಕೆ ನಿಂತ ದನಿಯಲ್ಲ ಅದು. ಎಲ್ಲಿ ತಪ್ಪಿತೆಂದು ಅವಳೂ ಹುಡುಕುತ್ತಿದ್ದಳು. "ಚಪ್ಪಲಿ ಹೊರಗ ಬಿಟ್ಟು ಬಂದಳ್ರಿ ಆಕಿ. ನಮ್ಮ ಮನಿ ಬಾಗಲ ಸಣ್ಣದು, ಬಗ್ಗಿ ಬಂದಳು. ನಮ್ಮ ಚಾಪಿ ಮ್ಯಾಲ ಕುಂತು ನಮ್ಮ ಕೊಡದಾಗಿನ ನೀರು ಕುಡದಳು. ಅಂಥವರು ಯಾರೂ ನಮ್ಮ ಓಣಿಗೂ ಬಂದವರಲ್ಲ. ಕುಂಕುಮ ಹಚ್ಚಿ ಅತ್ತಳು. ಖರೇ ಅತ್ತಳೋ ಸುಳ್ಳು ಅತ್ತಳೋ ನನಗ ತಿಳೀಲಿಲ್ಲ. ಕೇಸಿನ ಸುದ್ದಿ ಒಂದು ಮಾತೂ ತಗೀಲಿಲ್ಲ. ತಗದಿದ್ರ ಎಬ್ಬಿಸಿ ಕಳಸತಿದ್ನಿ."

ನಾನು ಅವಳ ಲೋಟಕ್ಕೆ ನೀರು ಹಾಕಿದೆ.

"ಎರಡು ವರ್ಷ ಆತ್ರಿ ಅಕ್ಕೋರ. ಠಾಣೇದಿಂದ ಬಂದ ಮ್ಯಾಲ ನನ್ನ ಉಡಿ ಯಾರೂ ತುಂಬಿದ್ದಿಲ್ಲ. ನನ್ನ ತಂಗಿ ಮಗಳ ಲಗ್ನದಾಗ ಸಾಲಾಗಿ ಎಲ್ಲಾರಿಗೂ ತುಂಬಿಕೋತ ಬಂದು, ನನ್ನ ಹತ್ರ ಬಂದಾಗ ಅಕ್ಕಿ ತೀರ್ಯಾವ ಅಂದ್ರು. ಬುಟ್ಟ್ಯಾಗ ಅಕ್ಕಿ ಕಾಣತಿದ್ವು. ಗಂಡ ಬದಕ್ಯಾನ, ಕೊಳ್ಳಾಗ ತಾಳಿ ಅದ, ಆದ್ರ ನಾ ಮುತ್ತೈದಿ ಲೆಕ್ಕದಾಗಿಲ್ಲ." ತಟ್ಟೆಯ ಅಂಚನ್ನು ಒರೆಸಿದಳು. "ನೀವೂ ತುಂಬಿದ್ದಿಲ್ಲ."

ಇಲ್ಲ, ತುಂಬಿರಲಿಲ್ಲ. ನಮ್ಮ ಮನೆಯಲ್ಲಿ ಅದಿಲ್ಲ. ನನ್ನ ತಾಯಿ ಮೂವತ್ತಕ್ಕೆ ಗಂಡನನ್ನು ಕಳೆದುಕೊಂಡವಳು. ಉಡಿ ತುಂಬುವ ಹೊತ್ತಿಗೆ ಅವಳನ್ನು ಹಿತ್ತಲಿಗೆ ಕಳಿಸುತ್ತಿದ್ದರು. ಗೌಡರ ಮನೆಯಲ್ಲಿ ನಮ್ಮ ಕೇರಿಯ ಹೆಂಗಸರಿಗೆ ಕೊಟ್ಟರೂ ಮೇಲಿನಿಂದ ಸುರಿಯುತ್ತಿದ್ದರು, ಕೈ ತಾಗದ ಹಾಗೆ. ನಾವು ಬುದ್ಧನ ದಾರಿಗೆ ಬಂದ ದಿನ ನಾನು ಮೊದಲು ಬಿಟ್ಟದ್ದು ಆ ಅಕ್ಕಿಯನ್ನು. ಮುತ್ತೈದೆಯೂ ಇಲ್ಲ, ರಂಡೆಯೂ ಇಲ್ಲ, ಹೆಂಗಸು ಅಂದರೆ ಹೆಂಗಸು. ನನ್ನ ಮಾತು ಸರಿಯಿತ್ತು. ಈಗಲೂ ಸರಿಯಿದೆ. ಆದರೆ ತಿಮ್ಮವ್ವ ನನ್ನ ಮಾತಿನೊಳಗೆ ಬದುಕುತ್ತಿರಲಿಲ್ಲ, ಬೋನಾಳದಲ್ಲಿ ಬದುಕುತ್ತಿದ್ದಳು.

ಅವಳು ನಮ್ಮ ಹೊಸ್ತಿಲಲ್ಲಿ ಯಾಕೆ ನಿಲ್ಲುತ್ತಿದ್ದಳೆಂದು ಆಗ ಹೊಳೆಯಿತು. ನಮ್ಮ ಕಡೆ ಹೆಣ್ಣುಮಗಳು ಮನೆಯಿಂದ ಹೊರಟಾಗ ಒಂದು ಗಳಿಗೆ ನಿಲ್ಲುತ್ತಾಳೆ, ಮನೆಯವಳು ಒಳಗಿನಿಂದ ಅಕ್ಕಿ ತರಲಿ ಎಂದು. ಕೇಳುವ ಹಾಗಿಲ್ಲ, ನಿಲ್ಲಬೇಕಷ್ಟೇ. ಅವಳು ಪ್ರತಿ ಸಲ ನಿಂತಿದ್ದಾಳೆ. ನಾನು ಪ್ರತಿ ಸಲ ಬಸ್ಸಿನ ಹೊತ್ತು ಹೇಳಿದ್ದೇನೆ. ನನಗೆ ನಾಚಿಕೆಯಾಯಿತು. ಎಲ್ಲರೂ ಖಾಲಿ ಕಳಿಸಿದ ಸೆರಗಿಗೆ ಆ ಗುರುದೇವಿ ಬಂದು ಅಕ್ಕಿ ಹಾಕಿಹೋದಳು.

ಅವಳು ಕೈ ತೊಳೆದು ಎದ್ದಳು. ಮನೆಯಲ್ಲಿ ಮಗಳು ಒಬ್ಬಳೇ ಇದ್ದಾಳೆ, ನಾಳೆ ಮೊದಲ ಬಸ್ಸಿಗೆ ಬರುತ್ತೇನೆ ಎಂದಳು. "ಒಂದು ಗಳಿಗಿ ನಿಲ್ಲು," ಎಂದು ಅಡುಗೆಮನೆಗೆ ಓಡಿದೆ. ಕುಂಕುಮ ಇಲ್ಲ, ಕೊಬ್ಬರಿ ಇಲ್ಲ, ಖಣ ಎಲ್ಲಿಂದ ಬರಬೇಕು. ಡಬ್ಬಿಯಿಂದ ತಟ್ಟೆಗೆ ಐದು ಹಿಡಿ ಅಕ್ಕಿ ಹಾಕಿಕೊಂಡು ಬಂದೆ. ಇಪ್ಪತ್ತು ವರ್ಷದ ಮೇಲೆ ಉಡಿಯ ಅಕ್ಕಿ ಮುಟ್ಟಿದ್ದೆ.

"ಸೆರಗ ಒಡ್ಡು ತಿಮ್ಮವ್ವ."

ಅವಳು ತಟ್ಟೆ ನೋಡಿದಳು. ಕಣ್ಣು ತುಂಬಿ ಬಂತು. ಕೈ ಸೆರಗಿನ ತನಕ ಹೋಯಿತು, ಅಲ್ಲೇ ನಿಂತಿತು.

"ಬ್ಯಾಡ್ರಿ ಅಕ್ಕೋರ. ನಾಳಿ ಆ ವಕೀಲ ಮತ್ತ ಕೇಳತಾನ. ಮತ್ಯಾರ ಉಡಿ ತುಂಬಿದ್ರು ಅಂದ್ರ ನಿಮ್ಮ ಹೆಸರ ಹೇಳಬೇಕಾಗತದ. ಅಕ್ಕಿ ಹಾಕಿ ಸಾಕ್ಷಿ ಹೇಳಿಸ್ಯಾರ ಅಂತಾನ. ಸುಳ್ಳು ಹೇಳಬ್ಯಾಡ ಅಂದೀರಿ."

ಚಪ್ಪಲಿ ಮೆಟ್ಟಿಕೊಂಡಳು. ಆ ದಿನ ಹೊಸ್ತಿಲಲ್ಲಿ ಅವಳು ನಿಲ್ಲಲಿಲ್ಲ. ಉರಿಯುವ ಅಂಗಾಲು ಎಳೆದುಕೊಂಡು ಓಣಿಯ ತಿರುವು ದಾಟಿ ಬಸ್ ಸ್ಟ್ಯಾಂಡಿನ ಕಡೆ ಹೋದಳು. ಅಕ್ಕಿಯ ತಟ್ಟೆ ಹಿಡಿದುಕೊಂಡು ನಾನು ಬಾಗಿಲಲ್ಲಿ ನಿಂತಿದ್ದೆ.