ಅಂಕಣಕಾರನ ಹೆಂಡತಿ ಬರೆದದ್ದು

ಊರಿನವರಿಗೆಲ್ಲ ಅವಳು ಗೊತ್ತು. ಹೈಸ್ಕೂಲಿನ ಗಣಿತದ ಟೀಚರ್ ಎಂದಲ್ಲ, ಭಾನುವಾರದ ಪುರವಣಿಯ ಹಾಸ್ಯ ಅಂಕಣದಲ್ಲಿ ಬರುವ ‘ಸೈರನ್’ ಎಂದು. ಅಂಕಣ ಬರೆಯುವವನು ಅವಳ ಗಂಡ. ಸೈರನ್ ಬಾಯಿ ತೆರೆದರೆ ಬೀದಿನಾಯಿಗಳು ಓಣಿ ಬದಲಾಯಿಸುತ್ತವೆ, ಸೈರನ್ ಮಾಡಿದ ಅಡುಗೆ ತಿಂದ ಇರುವೆಗಳು ಸಾಲು ತಪ್ಪುತ್ತವೆ, ಹೀಗೆ. ಅವಳು ಬೋರ್ಡಿನ ಕಡೆ ತಿರುಗಿದರೆ ಸಾಕು, ಹಿಂದಿನ ಬೆಂಚಿನಿಂದ ಸಣ್ಣಗೆ ‘ಊಂಯ್’ ಎಂದು ಸದ್ದು ಬರುತ್ತಿತ್ತು. ತಿರುಗಿ ನೋಡಿದರೆ ಎಲ್ಲ ತಲೆಗಳೂ ಪುಸ್ತಕದಲ್ಲಿ. ನೆಂಟರ ಮನೆಗೆ ಹೋದಾಗ ತಾನೂ ನಾಲ್ಕು ಜನರ ಜೊತೆ ನಕ್ಕುಬಿಡುತ್ತಿದ್ದಳು. ನಗದಿದ್ದರೆ ಅದೂ ಮುಂದಿನ ವಾರ ಅಂಕಣಕ್ಕೆ ಬರುತ್ತದೆಂದು ಅವಳಿಗೆ ಗೊತ್ತಿತ್ತು.

ಅವಳ ಅಮ್ಮ ತೀರಿಕೊಂಡಾಗ ಮಾತ್ರ ನಗುವುದಕ್ಕೆ ಆಗಲಿಲ್ಲ.

ಆಸ್ಪತ್ರೆಯಲ್ಲಿ, ಮಧ್ಯಾಹ್ನದ ಬಿಸಿಲು ಮಂಚದ ಕಾಲಿನ ತನಕ ಬಂದಿದ್ದಾಗ, ಅಮ್ಮ ಕಣ್ಣು ಮುಚ್ಚಿಕೊಂಡೇ ಹೇಳಿದ್ದಳು: “ಅಡುಗೆಮನೆ ದೀಪ ಆರಿಸ್ಬೇಡಿ, ಮಗು ಹೆದರ್ಕೊಳುತ್ತೆ.” ಮಗು ಎಂದರೆ ಅವಳೇ. ಚಿಕ್ಕವಳಿದ್ದಾಗ ಅಡುಗೆಮನೆಯ ಬೆಳಕು ಹಾಸಿಗೆಯ ಮೇಲೆ ಬೀಳದಿದ್ದರೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಅಮ್ಮ ಆಮೇಲೆ ಮಾತಾಡಲಿಲ್ಲ.

ತಿಂಗಳು ಕಳೆಯುವುದರೊಳಗೆ ಅಂಕಣ ಬಂತು. ಸೈರನ್ನಿನ ತಾಯಿ ಪ್ರಾಣ ಬಿಡುವಾಗ ದೇವರನ್ನು ನೆನೆಯಲಿಲ್ಲವಂತೆ, “ಅಡುಗೆಮನೆ ದೀಪ ಆರಿಸಿದ್ರಾ? ಬಿಲ್ಲು ಯಾರಪ್ಪ ಕಟ್ತಾನೆ?” ಎಂದು ಕೇಳಿದರಂತೆ. ಬೇವಿನ ಗಿಡದಲ್ಲಿ ಮಾವು ಬಿಡುತ್ತದೆಯೇ ಎಂದು ಕೊನೆಯ ಸಾಲು. ಮರುದಿನ ಸ್ಟಾಫ್ ರೂಮಿನಲ್ಲಿ ಹೆಡ್‌ಮಾಸ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮನೆಗೆ ಬಂದವಳೇ ಪೇಪರನ್ನು ಗಂಡನ ಮುಂದೆ ಹಿಡಿದಳು. “ಅಮ್ಮ ಹಾಗಂದಿದ್ದಲ್ಲ.”

“ಗೊತ್ತು ಕಣೇ. ಆದ್ರೆ ಇದ್ದದ್ದನ್ನ ಇದ್ದ ಹಾಗೆ ಬರೆದ್ರೆ ಯಾರು ನಗ್ತಾರೆ? ಒಂಚೂರು ತಿರುವಬೇಕು. ಅದೇ ಕಲೆ. ಬಿಡು, ನಿಂಗೆ ಲೆಕ್ಕ ಗೊತ್ತಾಗುತ್ತೆ, ಸಾಹಿತ್ಯ ಗೊತ್ತಾಗಲ್ಲ.”

ಗೊತ್ತು ಮಾಡಿಕೊಳ್ಳೋಣ ಎಂದುಕೊಂಡಳು. ಅಷ್ಟು ತಣ್ಣಗಿನ ಸಿಟ್ಟು ಅವಳಿಗೆ ಹಿಂದೆಂದೂ ಬಂದಿರಲಿಲ್ಲ.

ಲೈಬ್ರರಿಯ ಮಹಡಿಯಲ್ಲಿ ಶನಿವಾರ ಸಂಜೆ ಬರವಣಿಗೆಯ ಕ್ಲಾಸು ನಡೆಯುತ್ತಿತ್ತು. ನಡೆಸುತ್ತಿದ್ದವರು ಪತ್ರಿಕೆಯೊಂದರಲ್ಲಿ ಉಪಸಂಪಾದಕಿಯಾಗಿ ನಿವೃತ್ತರಾದ ಮುದುಕಿ. ಯಾರು ಏನೇ ಬರೆದು ತಂದರೂ ಅರ್ಧಕ್ಕರ್ಧ ಹೊಡೆದುಹಾಕುತ್ತಿದ್ದುದರಿಂದ ಅವರಿಗೆ ಕತ್ತರಿಯಮ್ಮ ಎಂದೇ ಹೆಸರು. ಕಿವಿ ಮಂದ, ಕಣ್ಣು ಹದ್ದಿನದು. ಟೀಚರ್ ಕಂತೆ ಹಾಳೆ ತುಂಬ ಗಂಡನ ಜನ್ಮ ಜಾಲಾಡಿ ತಂದುಕೊಟ್ಟಳು. ಕತ್ತರಿಯಮ್ಮ ಓದಿ, ಕನ್ನಡಕ ತೆಗೆದರು.

“ನಿನ್ನ ಗಂಡ ರಾಕ್ಷಸನೇನಮ್ಮಾ?”

“ಹೌದು.”

“ಈ ರಾಕ್ಷಸ ಬೆಳಗ್ಗೆ ಎದ್ದು ಏನ್ ಮಾಡ್ತಾನೆ?”

“ಟೀ ಮಾಡ್ತಾರೆ.” ಸ್ವಲ್ಪ ತಡೆದು, “ನಂಗೂ ಕೊಡ್ತಾರೆ.”

“ಅದೆಲ್ಲಿದೆ ಇದರಲ್ಲಿ?”

“ಅದ್ಯಾಕೆ ಬೇಕು? ನಾನು ಅವ್ರನ್ನ ಹೊಗಳೋಕೆ ಬಂದಿಲ್ಲ.”

“ಹೊಡೆಯೋಕೆ ತಾನೇ ಬಂದಿದೀಯ? ಹೊಡಿ, ಬೇಡ ಅನ್ನಲ್ಲ. ಆದ್ರೆ ಎದುರಿಗೆ ಮನುಷ್ಯ ಇರ್ಬೇಕಲ್ಲ. ನೀನು ಬೆದರುಗೊಂಬೆಗೆ ಬಾರಿಸ್ತಾ ಇದೀಯ. ಹುಲ್ಲು ಉದುರುತ್ತೆ ಅಷ್ಟೆ. ಓದಿದವರು, ಪಾಪ ಈ ಗಂಡಸು ಇವಳ ಜೊತೆ ಹೇಗೆ ಬಾಳಿದ್ನೋ ಅಂತಾರೆ. ಅವನು ಬರೀತಿರೋದೂ ಅದನ್ನೇ ತಾನೆ?”

ಆ ಮಾತು ಅವಳಿಗೆ ಕೆನ್ನೆಗೆ ಹೊಡೆದಂತಾಯಿತು. ಮನೆಗೆ ಹೋಗಿ ಹಾಳೆಗಳನ್ನು ಹರಿದುಹಾಕಿದಳು. ಅಂದಿನಿಂದ ಅವಳು ಗಂಡನನ್ನು ನೋಡತೊಡಗಿದಳು. ಸಂಸಾರ ಮಾಡಿದ ಇಷ್ಟು ವರ್ಷಗಳಲ್ಲಿ ಹಾಗೆ ನೋಡಿರಲಿಲ್ಲ. ಬರೆದದ್ದನ್ನು ಅವನು ಬಚ್ಚಲಿನ ಕನ್ನಡಿಯ ಮುಂದೆ ಗಟ್ಟಿಯಾಗಿ ಓದಿ, ಜನ ನಗಬೇಕಾದಲ್ಲಿ ತಾನೇ ನಕ್ಕು, ಆ ನಗು ಮುಗಿಯುವಷ್ಟು ಹೊತ್ತು ಸುಮ್ಮನೆ ನಿಂತಿರುತ್ತಿದ್ದ. ಭಾನುವಾರ ಯಾರೂ ಫೋನು ಮಾಡಿ ಹೊಗಳದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಅವಳಿಗೆ ಜ್ವರ ಬಂದಾಗ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿ ಪಕ್ಕದಲ್ಲೇ ಕೂತಿರುತ್ತಿದ್ದ. ಅವಳು ಜ್ವರದಲ್ಲಿ ಕನವರಿಸಿದ್ದು ಮುಂದಿನ ವಾರ ಅಚ್ಚಾಗುತ್ತಿತ್ತು. ಕರುಣೆ ಬರಬಹುದೆಂದು ಅವಳು ಹೆದರಿದ್ದಳು. ಬರಲಿಲ್ಲ. ನೋಡಿದಷ್ಟೂ ಎಲ್ಲಿ ಹೊಡೆದರೆ ನೋಯುತ್ತದೆಂಬುದು ಸ್ಪಷ್ಟವಾಗುತ್ತ ಹೋಯಿತು.

ಮತ್ತೆ ಬರೆಯಲು ಕೂತಾಗ ಆಸ್ಪತ್ರೆಯ ಆ ಮಧ್ಯಾಹ್ನ ಪೂರ್ತಿ ನೆನಪಾಯಿತು. ಅಮ್ಮನ ಉಸಿರು ನಿಂತಾಗ ಗಂಡ ಅವಳಿಗೆ ನೀರು ಕುಡಿಸಿದ್ದ, ಕೈ ಹಿಡಿದುಕೊಂಡಿದ್ದ. ಅವಳು ಬರೆದಳು: ‘ಅವರ ಒಂದು ಕೈ ನನ್ನ ಕೈಯನ್ನು ಹಿಡಿದಿತ್ತು. ಇನ್ನೊಂದು ಕೈ ಜೇಬಿನಲ್ಲಿ ಪೆನ್ನು ಹುಡುಕುತ್ತಿತ್ತು.’ ಅದರ ಕೆಳಗೆ, ಇಂಥ ಕಲ್ಲುಹೃದಯದವನನ್ನು ಜಗತ್ತು ಕಂಡಿಲ್ಲ ಎಂದೂ ಸೇರಿಸಿದಳು.

ಕತ್ತರಿಯಮ್ಮ ಆ ಕೊನೆಯ ಸಾಲನ್ನು ಹೊಡೆದುಹಾಕಿದರು.

“ಅಯ್ಯೋ, ಅದೇ ಮುಖ್ಯ ಅಲ್ವಾ ಮೇಡಂ!”

“ಅದನ್ನ ಓದಿದವನು ಹೇಳ್ಲಿ. ಅವನ ಬಾಯಿಗೆ ಬಂದಿದ್ದನ್ನ ನೀನ್ಯಾಕೆ ಕಿತ್ಕೋತೀಯ?”

ಬರಹವನ್ನು ಗಂಡನ ಅಂಕಣ ಬರುವ ಪತ್ರಿಕೆಗೇ ಕಳಿಸಿದಳು. ಪುರವಣಿಯ ಸಂಪಾದಕ ಗಾಬರಿಯಲ್ಲಿ ಫೋನು ಮಾಡಿದ. “ಮೇಡಂ, ಇದು ನಿಮ್ಮ ಯಜಮಾನ್ರಿಗೆ ಗೊತ್ತಾ? ಅವರನ್ನ ಒಂದು ಮಾತು ಕೇಳ್ಬೇಕಲ್ವಾ?”

“ಅವರು ಬರೆದಾಗೆಲ್ಲ ನನ್ನನ್ನ ಕೇಳಿದ್ರಾ ನೀವು?”

ಆ ಕಡೆ ಹಾಳೆ ಮಗುಚುವ ಸದ್ದು ಕೇಳಿಸಿತು. ಆಮೇಲೆ ಅವನು ನಿಧಾನವಾಗಿ, “ಈ ಭಾನುವಾರ ಹಾಕ್ತೀನಿ” ಎಂದ. ಹಾಕಿದ್ದೂ ಅಂಕಣದ ಪಕ್ಕದಲ್ಲೇ.

ಆ ಬೆಳಿಗ್ಗೆ ಗಂಡ ಎಂದಿನಂತೆ ಟೀ ಲೋಟ ಅವಳ ಮುಂದಿಟ್ಟು ಪೇಪರ್ ಬಿಚ್ಚಿದ. ಮೊದಲು ತನ್ನದನ್ನು ಓದಿ ನಕ್ಕ. ಕಣ್ಣು ಪಕ್ಕಕ್ಕೆ ಸರಿಯಿತು. ಅವಳು ಎದುರಿಗೆ ಕೂತು ಪರೀಕ್ಷೆಯ ಪೇಪರು ತಿದ್ದುತ್ತಿದ್ದಳು. ಒಂದಕ್ಕೂ ಅಂಕ ಹಾಕಿರಲಿಲ್ಲ. ಅವನ ಮುಖದ ಮೇಲಿನ ನಗು ಇಳಿಯುವುದನ್ನು, ಕಿವಿ ಕೆಂಪಾಗುವುದನ್ನು ಅವಳು ಒಂದೂ ಬಿಡದೆ ನೋಡಿದಳು. ಟೀ ಬಹಳ ರುಚಿಯಾಗಿತ್ತು.

“ನಾನು ಪೆನ್ನು ಹುಡುಕ್ಲಿಲ್ಲ.”

“ಹುಡುಕಿದ್ರಿ.”

“ಇಡೀ ಊರಿಗೆ ಸಾರಬೇಕಿತ್ತಾ? ನನ್ನ ಹತ್ರ ಹೇಳ್ಬಹುದಿತ್ತಲ್ಲ.”

“ಹೇಳಿದ್ದೆ ರೀ. ಸಾಹಿತ್ಯ ಗೊತ್ತಾಗಲ್ಲ ಅಂದ್ರಿ.”

ಆಮೇಲೆ ಅವನು ಬೀದಿಗೆ ಇಳಿಯುವುದು ಕಷ್ಟವಾಯಿತು. ಕ್ಷೌರದಂಗಡಿಯವನು ಮುಖಕ್ಕೆ ಸೋಪು ಹಚ್ಚುತ್ತ, “ಪೆನ್ನು ಸಿಕ್ತಾ ಸಾರ್?” ಎಂದ. ಸಾಲಿನಲ್ಲಿ ಕೂತವರೆಲ್ಲ ನಕ್ಕರು. ತರಗತಿಯಲ್ಲಿ ‘ಊಂಯ್’ ನಿಂತುಹೋಯಿತು. ಗಂಡನ ಅಕ್ಕ ಪಂಚಾಯಿತಿಗೆಂದು ಬಂದು ಸೋಫಾದ ತುದಿಯಲ್ಲಿ ಕೂತರು.

“ಮನೆ ಮಾತನ್ನ ಬೀದಿಗೆ ತಂದ್ಯಲ್ಲಮ್ಮ.”

“ಅದು ಬೀದೀಲೇ ಬಿದ್ದಿತ್ತು ಅತ್ತಿಗೆ. ನಾನು ಅಲ್ಲಿಗೆ ಹೋಗಿ ಮಾತಾಡಿದೆ ಅಷ್ಟೆ.”

ಅವನು ಹೆಂಡತಿಯನ್ನು ಬಿಟ್ಟು ಪಕ್ಕದ ಮನೆಯ ಬೆಕ್ಕಿನ ಮೇಲೆ ಬರೆದ, ಹಲ್ಲುನೋವಿನ ಮೇಲೆ ಬರೆದ. ಯಾರಿಗೂ ನಗು ಬರಲಿಲ್ಲ. ಕಡೆಗೆ ಒಂದು ಸಂಜೆ, ಬರೆದ ಹಾಳೆಗಳನ್ನು ಅವಳ ಮುಂದೆ ತಂದಿಟ್ಟು ನಿಂತ. ಬಚ್ಚಲಿನ ಕನ್ನಡಿಗೂ ಅದನ್ನು ಓದಿ ಹೇಳಿರಲಿಲ್ಲ.

“ಒಂದ್ಸಲ ನೋಡ್ತೀಯಾ? ಎಲ್ಲೋ ತಪ್ಪಿದೆ. ನಂಗೆ ಗೊತ್ತಾಗ್ತಿಲ್ಲ.”

ಅವಳು ಕೆಂಪು ಪೆನ್ನು ತೆಗೆದುಕೊಂಡಳು. ಅವನೇ ಚಿಕ್ಕವನಿದ್ದಾಗ ಅಪ್ಪನ ಶೂ ಹಾಕಿಕೊಂಡು ಬೀದಿಯಲ್ಲಿ ಬಿದ್ದ ಕತೆ. ಅಲ್ಲಲ್ಲಿ ಉದ್ದವಾಗಿತ್ತು, ಆ ಸಾಲುಗಳನ್ನು ಹೊಡೆದುಹಾಕಿದಳು, ಅದು ನ್ಯಾಯವೇ. ಒಂದು ಸಾಲು ಮಾತ್ರ ಬೆಳಗುತ್ತಿತ್ತು: ‘ಬಿದ್ದವನು ನಾನು, ಆದರೆ ಎಲ್ಲರೂ ಎತ್ತಿದ್ದು ಶೂಗಳನ್ನು.’ ಅವಳು ಅದನ್ನು ಮತ್ತೆ ಓದಿದಳು. ಇಷ್ಟು ಒಳ್ಳೆಯ ಸಾಲನ್ನು ಅವನು ಹಿಂದೆ ಬರೆದದ್ದಿಲ್ಲ ಎಂದು ಈಗ ಹೇಳಬಲ್ಲಷ್ಟು ಅವಳು ಕಲಿತಿದ್ದಳು.

“ಅದು ಹೇಗಿದೆ?” ಅವನು ಬಗ್ಗಿ ಆ ಸಾಲಿನ ಮೇಲೆ ಬೆರಳಿಟ್ಟ.

“ಇದು ಬೇಡ” ಎಂದು, ಕೆಳಗಿನ ಅಕ್ಷರ ಕಾಣದಂತೆ ಅದರ ಮೇಲೆ ದಪ್ಪಗೆ ಗೀಟು ಎಳೆದಳು.

ಅವನು ಸರಿ ಎಂಬಂತೆ ತಲೆಯಾಡಿಸಿ ಹಾಳೆ ತೆಗೆದುಕೊಂಡು ಹೋದ.