ಮಿಷನ್ ನಿಂತ ಹೊತ್ತು

ಎದೆಯ ಸುತ್ತ ಟೇಪು ಹಿಡಿದಾಗ ಬೆರಳಿಗೆ ಬೆವರು ತಾಗಿತು, ಅಯ್ಯೋ ಈ ಮನುಷ್ಯನಿಗೂ ಬೆವರುತ್ತದೆಯೇ, ಊರಲ್ಲಿ ಇವರ ಯೂನಿಫಾರ್ಮ್ ಹೊಲಿಯಲು ಬೇರೆ ಯಾರೂ ಸಿಗಲಿಲ್ಲವೇ, ಕೈ ಸ್ವಲ್ಪ ಎತ್ತಿ ಸಾರ್ ಅಂದಳು, ಎತ್ತಿದರು, ಎರಡೂ ಕೈ, ಹೋದ ವರ್ಷ ಇದೇ ಪೊಲೀಸ್ ಅಧಿಕಾರಿ ಇದೇ ಬಾಗಿಲಲ್ಲಿ ನಿಂತು ಕೈ ಎತ್ತೋ ಅಂದಾಗ ಅವಳ ಗಂಡ ಎತ್ತಿದ್ದನಲ್ಲ, ಹಾಗೆ — ಮನೆಯಲ್ಲಿ ನಾಲ್ಕು ಜನರನ್ನು ಸೇರಿಸಿ ಯೇಸುವಿನ ಹೆಸರೆತ್ತಿದ್ದೇ ಅಪರಾಧ, ಇನ್ನೂ ಜೈಲಿನಲ್ಲಿದ್ದಾನೆ, ಬರುವ ವಾರ ಬಿಡುತ್ತಾರೆ, ಇನ್ನೊಂದು ದೂರು ಹೋಗದಿದ್ದರೆ ಮಾತ್ರ, ದೂರಿಗೆ ಬೇಕಾದದ್ದೆಲ್ಲ ಈಗ ಗೋಡೆಯಾಚೆ ಕೂತಿದೆ, ಒಳಕೋಣೆಯಲ್ಲಿ, ಅತ್ತೆ, ಹಿಂದಿನ ಬೀದಿಯವರು, ಕಣ್ಣು ಮುಚ್ಚಿಕೊಂಡು. ಅವಳು ಹೊಲಿಗೆ ಮಿಷನ್ ತುಳಿಯುವಷ್ಟು ಹೊತ್ತು ಅವರು ಬಾಯಿಬಿಟ್ಟು ಪ್ರಾರ್ಥಿಸಬಹುದು, ಸದ್ದು ನಿಂತರೆ ಬಾಯಿಗೆ ಬೀಗ, ಅದೇ ಒಪ್ಪಂದ, ತುಳಿಯುತ್ತಲೇ ಅಳತೆ ತೆಗೆಯಲು ಅವಳಿಗೇನು ನಾಲ್ಕು ಕೈಯೇ, ಮಿಷನ್ ನಿಂತಿದೆ, ಎಲ್ಲರೂ ಸುಮ್ಮನಾಗಿದ್ದಾರೆ, ಎಲ್ಲರೂ — ಕರ್ತನೇ, ಕೂಗಿ ಹೇಳದಿದ್ದರೆ ಕಿವಿ ಕೇಳದ ಅತ್ತೆಯೊಬ್ಬರನ್ನು ಬಿಟ್ಟು.

ಸ್ತೋತ್ರ ತಂದೆಯೇ, ಆ ಆಫೀಸರನ್ನ ಕುರ್ಚಿ ಮೇಲೆ ಕೂರಿಸಿದೋನು ನೀನೇ, ಎಬ್ಬಿಸೋನೂ ನೀನೇ, ಮಧ್ಯೆ ನಾವ್ಯಾರು ಕೇಳೋಕೆ — ಗೋಡೆ ಇಷ್ಟು ತೆಳುವೇ, ಯಾರಾದರೂ ಆ ಮುದುಕಿಯ ಬಾಯಿಗೆ ಬಟ್ಟೆ ತುರುಕಬಾರದೇ, ತಪ್ಪು ತಪ್ಪು, ಕೂರಿಸಿದವನು ನೀನೇ ಆದರೆ ಇವರ ಕೈಯಿಂದ ನನ್ನ ಗಂಡನನ್ನು ಎಳೆದೊಯ್ಯಿಸಿದ್ದೂ ನೀನೇನಾ, ಹಾಗೆಲ್ಲ ಕೇಳಬಹುದೇ, ಇವರಿಗೆ ವರ್ಗವಾಗಲಿ ಅಂತ ದಿನಾ ಬೇಡಿದವಳು ಅವಳು, ಬೇರೆ ಊರಿನಲ್ಲಿ ಬೇರೆಯವರ ಬಾಗಿಲು ಬಡಿಯಲಿ ಅಂತ ತಾನೇ ಅದರರ್ಥ, ಎಂಥ ಭಕ್ತೆ, ಟೇಪಿನ ಅಂಕಿ ಕಣ್ಣಿಗೇ ಹತ್ತುತ್ತಿಲ್ಲ — ಅವರಿಗೆ ಮಂಡಿನೋವಂತಪ್ಪ, ಮೆಟ್ಟಿಲು ಹತ್ತೋಕಾಗಲ್ವಂತೆ, ಒಂದ್ಸಲ ಮುಟ್ಟು, ಹಾಗೇ ಆ ಕೋಪಾನೂ ಒಂಚೂರು ಇಳಿಸು — ಸತ್ತೆ, ಎದೆ ಡವಡವ ಅನ್ನುತ್ತಿದೆ, ಯಾರದು, ಟೇಪಿನ ಕೆಳಗಿನದೋ ತನ್ನದೋ, ಒಳಗೆ ಯಾರಮ್ಮ, ನಮ್ಮತ್ತೆ ಸಾರ್, ಒಂದು ಸುಳ್ಳಾದರೂ ಬಾಯಿಗೆ ಬರಬಾರದೇ, ನನ್ನ ಮಂಡಿ ವಿಷ್ಯ ಅವ್ರಿಗೆ ಯಾರು ಹೇಳಿದ್ದು, ನಾನೇ ಸಾರ್, ಹೋದ್ಸಲ ಕುಂಟ್ಕೊಂಡು ಬಂದಿದ್ರಲ್ಲ, ಮುಗಿಯಿತು, ಗಂಡ ಮನೆಗೆ ಬರುವುದೂ ಮುಗಿಯಿತು, ಕಾಪಾಡಪ್ಪ, ಕಾಪಾಡದೆ ಹೋದರೂ — ಹೋದರೂ ಏನು, ಅಲ್ಲಿಂದ ಮುಂದೆ ಅತ್ತೆಗೆ ಸಲೀಸಾಗಿ ಬರುವ ಮಾತು, ನಿನ್ನನ್ನೇ ನಂಬ್ತೀನಿ ಅನ್ನೋದು, ಅವಳಿಗೆ ಯಾವತ್ತೂ ಬರುವುದಿಲ್ಲ, ಅಧಿಕಾರಿ ಬಾಗಿಲತ್ತ ನೋಡಿದರು, ಹೊರಗೆ ಜೀಪಲ್ಲಿ ನಮ್ಮೋರಿದ್ದಾರೆ, ಅವ್ರಿಗೂ ಕೇಳ್ಸುತ್ತೆ, ಮಿಷನ್ ತುಳೀರಮ್ಮ, ಏನಂದರು, ತುಳೀರಿ ಅಂದರೇ, ಅವಳು ಕೂತಳು, ತುಳಿದಳು, ದಾರವಿಲ್ಲ ಬಟ್ಟೆಯಿಲ್ಲ, ಬರೀ ಸೂಜಿ ಏಳುತ್ತ ಬೀಳುತ್ತ, ಇದು ಕರುಣೆಯೋ ಬಲೆಯೋ, ನೀನಾ ಇದು ಕರ್ತನೇ, ಟೇಪು ಅವಳ ಕೊರಳಲ್ಲಿದೆ, ಅಳತೆ ಯಾರೂ ತೆಗೆಯುತ್ತಿಲ್ಲ, ಮತ್ತೆ ಈ ಮನುಷ್ಯ ಯಾಕೆ, ಎತ್ತಿದ ಕೈ, ಎರಡೂ ಕೈ, ಇನ್ನೂ ಇಳಿಸಿಲ್ಲ.